ಕಂಬದ ಹಿಂದಿನ ಮೊಳೆ

ಮೊದಲು ಸಿಕ್ಕಿದ್ದು ಬೂಟು.

ಚಹಾ ಮುಗಿಸಿ ಬಂದ ಮೇಸ್ತ್ರಿ ಬೆಲ್ಟಿನ ಸ್ವಿಚ್ ಒತ್ತಿದ. ಅರೆದ ಟೈರಿನ ಕರಿ ಚೂರುಗಳು ಮೆಲ್ಲಗೆ ಸಾಗಿ ಬಂದವು. ಅವುಗಳ ನಡುವೆ ಒಂದು ಬೂಟು. ಹಳೆ ಟೈರಿನ ರಾಶಿಯಲ್ಲಿ ಏನೇನೋ ಬರುವುದುಂಟು. ಸತ್ತ ಇಲಿ, ಮುರಿದ ಆಟಿಕೆ, ಒಮ್ಮೆ ಯಾರದೋ ಕಟ್ಟಿಸಿಕೊಂಡ ಹಲ್ಲು. ಮೇಸ್ತ್ರಿ ಬೈದುಕೊಂಡು ಬೂಟನ್ನು ಎತ್ತಿ ಎಸೆಯಲು ಹೋದ. ಅದು ಭಾರವಾಗಿತ್ತು.

ಒಳಗೆ ಪಾದವಿತ್ತು.

ಅವನು ಕಬ್ಬಿಣದ ಮೆಟ್ಟಿಲನ್ನು ಓಡಿಕೊಂಡೇ ಹತ್ತಿದ. ಮೇಲೆ ಯಂತ್ರದ ಬಾಯಿ ತೆರೆದಿತ್ತು. ಕೆಲಸದವರು ಅದನ್ನು ದವಡೆ ಎಂದೇ ಕರೆಯುತ್ತಿದ್ದರು. ಎದುರುಬದುರು ತಿರುಗುವ ಎರಡು ದಪ್ಪ ಉರುಳೆ, ಮೈತುಂಬ ಕೊಕ್ಕೆ ಹಲ್ಲು. ಲಾರಿಯ ಟೈರನ್ನೂ ಹರಿದು ಹಾಕುವ ಹಲ್ಲು. ಆ ಹಲ್ಲುಗಳ ನಡುವೆ, ಯಂತ್ರ ರಿಪೇರಿ ಮಾಡುವ ಫಿಟ್ಟರ್ ಸೊಂಟದವರೆಗೆ ಇಳಿದಿದ್ದ. ಸೊಂಟದ ಮೇಲೆ ಅವನು ಅವನಾಗಿಯೇ ಇದ್ದ. ಕಣ್ಣು ತೆರೆದಿತ್ತು. ಯಂತ್ರದ ಬಾಯಿಯ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಬೆರಳುಗಳ ಉಗುರು ಕಿತ್ತು ಬಂದಿದ್ದವು.

ಮೇಸ್ತ್ರಿ ಅವನ ಕಂಕುಳಿಗೆ ಕೈ ಹಾಕಿ ಎಳೆದ. ರಕ್ತ ಬಂತು. ಫಿಟ್ಟರ್ ಬರಲಿಲ್ಲ.

*

ಇನ್‌ಸ್ಪೆಕ್ಟರಿಗೆ ನಿವೃತ್ತಿ ಹತ್ತಿರವಾಗಿತ್ತು, ಮೊಣಕಾಲು ಆಗಲೇ ನಿವೃತ್ತವಾಗಿತ್ತು. ಆ ಮೆಟ್ಟಿಲನ್ನು ಅವರು ಕಂಬಿ ಹಿಡಿದು ಒಂದೊಂದಾಗಿ ಹತ್ತಿದರು. ಹಿಂದೆ ದಫೇದಾರ. ಮೇಲೆ ನಿಂತು ಇಬ್ಬರೂ ದವಡೆಯೊಳಗೆ ಬಗ್ಗಿ ನೋಡಿದರು.

“ಇದನ್ನ ಓಡಿಸಿದ್ದು ಯಾರು?” ಇನ್‌ಸ್ಪೆಕ್ಟರ್ ಕೇಳಿದರು.

“ಇಲ್ಲಿನವರು ಯಾರೂ ಅಲ್ಲ ಸಾರ್,” ಎಂದ ಮೇಸ್ತ್ರಿ. ಅವನ ಅಂಗಿ ಎದೆಯಿಂದ ತೋಳಿನವರೆಗೆ ರಕ್ತದಲ್ಲಿ ನೆನೆದು ಅಂಟಿಕೊಂಡಿತ್ತು. “ಒಬ್ಬಳು ಹೆಂಗಸು. ಬೇರೆ ಊರಲ್ಲಿ ಕೂತ್ಕೊಂಡು ಓಡಿಸಿದ್ದು.”

“ಬಿಡಿಸಿ ಹೇಳಪ್ಪಾ. ನಾನು ಮನೇಲಿ ಮಿಕ್ಸಿ ಕೂಡ ಮುಟ್ಟಿದವನಲ್ಲ.”

ಮೇಸ್ತ್ರಿ ಬಿಡಿಸಿ ಹೇಳಿದ. ದವಡೆಯ ಒಂದು ಉರುಳೆ ಕೆಲವು ವಾರಗಳಿಂದ ಅದುರುತ್ತಿತ್ತು. ಯಂತ್ರ ಮಾಡಿಕೊಟ್ಟ ಕಂಪನಿಯ ಇಂಜಿನಿಯರ್ ದೂರದ ಕಚೇರಿಯಲ್ಲಿ ಕುಳಿತೇ ಅದರ ನಾಡಿ ನೋಡುತ್ತಾಳೆ. ಇಲ್ಲಿ ಮೇಲೆಯೇ ಇರುವ ಸ್ವಿಚ್ಚುಗಳ ಪ್ಯಾನೆಲ್ಲಿನಲ್ಲಿ ಕೀಲಿ ತಿರುಗಿಸಿದರೆ ಯಂತ್ರದ ಲಗಾಮು ಅವಳ ಕೈಗೆ ಹೋಗುತ್ತದೆ. ಆಮೇಲೆ ಬಾಯಿ ತೆರೆದಿಟ್ಟೇ ನಿಧಾನಕ್ಕೆ ಓಡಿಸಿ ನೋಡಬಹುದು. ಆದರೆ ಅವಳೊಬ್ಬಳಿಂದ ಅದು ಓಡುವುದಿಲ್ಲ. ಇಲ್ಲಿ ಒಬ್ಬರು ಹಳದಿ ಡಬ್ಬಿಯ ಹಸಿರು ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು. ಹೆಬ್ಬೆರಳು ಎತ್ತಿದರೆ ದವಡೆ ನಿಲ್ಲುತ್ತದೆ.

“ಹಾಗಾದ್ರೆ ಗುಂಡಿ ಹಿಡಿದಿದ್ದು ಯಾರು?”

ಮೇಸ್ತ್ರಿ ಕೈ ತೋರಿಸಿದ. ಯಂತ್ರದ ಬಾಯಿಯ ಪಕ್ಕದಲ್ಲೇ ಕೇಬಲ್ಲಿನಿಂದ ಹಳದಿ ಡಬ್ಬಿ ನೇತಾಡುತ್ತಿತ್ತು. ಹಸಿರು ಗುಂಡಿಯ ಮೇಲೆ ಕರಿ ಟೇಪು ಬಿಗಿಯಾಗಿ ಸುತ್ತಿತ್ತು. ಅದರ ಕೆಳಗೆ ನೆಲದ ಮೇಲೆ ಕಿವಿಗೆ ಹಾಕುವ ಹೆಡ್‌ಸೆಟ್ ಬಿದ್ದಿತ್ತು.

“ಅವನೇ ಸಾರ್. ಕೈ ಖಾಲಿ ಇರ್ಲಿ ಅಂತ ಟೇಪು ಸುತ್ತಿ ಒಳಗೆ ಇಳಿದಿರ್ತಾನೆ. ಉರುಳೆಗೆ ತಂತಿ ಸುತ್ಕೊಂಡಿರುತ್ತೆ, ಅದನ್ನ ಬಿಡಿಸೋಕೆ. ನಾನೂ ಕ್ರೇನಿನವನೂ ಆಗ ಚಹಾಕ್ಕೆ ಹೋಗಿದ್ವಿ.”

“ಮುಗೀತಲ್ಲ ಸಾರ್,” ಎಂದ ದಫೇದಾರ. “ಟೇಪು ಇವನದು, ಬೆರಳು ಅವಳದು.”

“ಕೀಲಿ ಎಲ್ಲಿ?”

“ದವಡೆ ನುಂಗಿರ್ಬೇಕು,” ಎಂದ ಮೇಸ್ತ್ರಿ. “ಒಳಗೆ ಇಳಿಯೋರು ಕೀಲಿ ಕಿತ್ತು ಜೇಬಿಗೆ ಹಾಕ್ಕೊಂಡೇ ಇಳೀಬೇಕು. ಅದು ಇಲ್ಲಿನ ಕಟ್ಟಪ್ಪಣೆ.”

“ಕೀಲಿ ಜೇಬಲ್ಲಿದ್ರೆ ಯಂತ್ರ ಓಡುತ್ತಾ?”

ಮೇಸ್ತ್ರಿ ತಲೆ ಕೆರೆದುಕೊಂಡ. “ಇಲ್ಲ. ಅದು ಪ್ಯಾನೆಲ್ಲಲ್ಲೇ ಇರ್ಬೇಕು.”

ಪ್ಯಾನೆಲ್ಲಿನಲ್ಲಿ ಕೀಲಿ ಇರಲಿಲ್ಲ.

ಅಷ್ಟರಲ್ಲಿ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಒಂದು ಬಿಳಿ ಬಟ್ಟೆ ತಂದ. ಒಣಕಲು ಮೈ, ಒಪ್ಪವಾಗಿ ಬಾಚಿದ ಕೂದಲು, ಆಗಷ್ಟೇ ಮಡಿಕೆ ಬಿಚ್ಚಿದಂಥ ಸಮವಸ್ತ್ರ. ಹೆಣದ ಮೇಲೆ ಬಟ್ಟೆ ಹೊದಿಸಿ ನಾಲ್ಕೂ ಮೂಲೆಯನ್ನು ಸಮವಾಗಿ ಎಳೆದು ಸಿಕ್ಕಿಸಿದ.

“ನನ್ನ ಹೆಂಡತಿ ತಮ್ಮ ಸಾರ್ ಇವನು,” ಎಂದ. “ಕೆಲಸಕ್ಕೆ ಸೇರಿಸಿದ್ದೇ ನಾನು. ಆ ಹೆಂಗಸನ್ನ ಮಾತ್ರ ಬಿಡಬೇಡಿ.”

“ಈ ಕೀಲಿ, ಡಬ್ಬಿ, ಇದೆಲ್ಲಾ ನಿನಗೆ ಗೊತ್ತಾ?”

“ನಂದು ತಂತಿ, ಫ್ಯೂಸು, ಅಷ್ಟೇ. ಇದನ್ನ ಮುಟ್ಟೋ ಪರವಾನಗಿ ಇದ್ದದ್ದು ಮೇಸ್ತ್ರಿಗೆ, ಬಿಟ್ರೆ ಇವನಿಗೆ. ನಾನು ಬಾಯ್ಲರ್ ಮನೇಲಿದ್ದೆ.”

*

ಇಂಜಿನಿಯರನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ಅವಳೇ ಠಾಣೆಗೆ ಬಂದಳು. ಬಸ್ಸಿನಲ್ಲಿ ನಿದ್ದೆಯಿಲ್ಲದೆ ಬಂದ ಮುಖ. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

“ನಾನೇ ಕೊಂದೆ ಅನ್ನೋದಾದ್ರೆ ಹೇಳಿಬಿಡಿ ಸಾರ್,” ಎಂದಳು. “ಜೈಲಾದ್ರೆ ಜೈಲು. ಗೊತ್ತಿಲ್ಲದೇ ಬದುಕೋದು ಆಗಲ್ಲ.”

ಇನ್‌ಸ್ಪೆಕ್ಟರ್ ಅವಳ ಮುಂದೆ ನೀರಿನ ಲೋಟ ಇಟ್ಟರು. ಮೇಲಿನ ಅಧಿಕಾರಿಯ ಫೋನು ಆಗಲೇ ಬಂದಿತ್ತು. ನಾಳೆ ಸಂಜೆಯೊಳಗೆ ಆ ಹೆಂಗಸನ್ನು ಬಂಧಿಸಿ, ಕಡತ ಮುಚ್ಚಿ ಎಂದು. ಅವರು ಅದನ್ನು ಮುಚ್ಚಿಡಲಿಲ್ಲ, ಹೇಳಿಬಿಟ್ಟರು.

“ನಾಳೆ ಸಂಜೆ ತನಕ ನಮಗೆ ಬಿಡುವಿದೆ ತಾಯಿ. ಕೂತ್ಕೋ. ಮೊದಲಿನಿಂದ ಹೇಳು.”

ಅವಳು ಫಿಟ್ಟರನ್ನು ಕಂಡಿರಲಿಲ್ಲ. ಧ್ವನಿಯ ಪರಿಚಯ ಮಾತ್ರ. ಅವನು ಅವಳನ್ನು ಡಾಕ್ಟ್ರಮ್ಮ ಎನ್ನುತ್ತಿದ್ದ. ನಿಮ್ಮ ರೋಗಿಗೆ ಇವತ್ತು ಕೆಮ್ಮು ಜಾಸ್ತಿ ಡಾಕ್ಟ್ರಮ್ಮ, ಎದೆ ಮೇಲೆ ಕಿವಿ ಇಟ್ಟು ನೋಡಿ ಎನ್ನುತ್ತಿದ್ದ. ನಿನ್ನೆಯೂ ಹೆಡ್‌ಸೆಟ್ಟಿನಲ್ಲಿ ಕೇಳಿದ್ದಳು, ಒಳಗೆ ಯಾರೂ ಇಲ್ಲ ತಾನೇ ಎಂದು. ಹ್ಞೂಂ ಎಂಬ ಉತ್ತರ ಬಂತು. ಓಡಿಸಿದಳು. ಉರುಳೆಗೆ ಏನೋ ಸಿಕ್ಕಿ ಮೋಟಾರು ತಿಣುಕಿದ್ದು ಪರದೆಯ ಮೇಲೆ ಕಾಣಿಸಿತು. ತಂತಿ ಇರಬೇಕು ಎಂದುಕೊಂಡಳು. ತಿಣುಕಾಟ ಹೆಚ್ಚಿತು. ನಿಲ್ಲಿಸಿದಳು. ಕೂಗಿದಳು. ಉತ್ತರವಿಲ್ಲ. ಸ್ವಲ್ಪ ಹೊತ್ತಿಗೆ ಸಂಪರ್ಕ ಕಡಿಯಿತು.

“ಯಾರು ಕಡಿದಿದ್ದು?”

“ಅಲ್ಲಿ ಕೀಲಿ ತಿರುಗಿಸಿದ್ರೇನೇ ಅದು ಕಡಿಯೋದು. ಕೆಲಸ ಮುಗಿದ್ಮೇಲೆ ಅವನು ದಿನಾ ಹಾಗೇ ಮಾಡ್ತಿದ್ದ. ಸರಿ, ಮುಗೀತು ಅಂದ್ಕೊಂಡೆ.” ಅವಳು ಲೋಟ ಹಿಡಿದಳು, ಕುಡಿಯಲಿಲ್ಲ. “ಮುಗೀತು ಅಂದ್ಕೊಂಡು ಊಟಕ್ಕೆ ಹೋದೆ ಸಾರ್.”

ಇನ್‌ಸ್ಪೆಕ್ಟರ್ ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡರು.

“ಕಿರುಚಿದ್ದು ಕೇಳಿಸಲಿಲ್ವಾ?”

“ಇಲ್ಲ.”

“ಕಿವಿ ಮೇಲೆ ಹೆಡ್‌ಸೆಟ್ ಇದ್ದವನು ಅರ್ಧ ಮೈ ಅರೆದುಹೋಗೋವಾಗ ಕಿರುಚಲಿಲ್ಲ?”

ಅವಳು ತಲೆಯೆತ್ತಿದಳು.

“ನೆಲದ ಮೇಲೆ ಬಿದ್ದಿತ್ತು ಅದು. ಮಾತು ಹೋಗದ ಹಾಗೆ ಗುಂಡಿ ಒತ್ತಿತ್ತು,” ಎಂದರು ಇನ್‌ಸ್ಪೆಕ್ಟರ್. “ಇನ್ನೊಂದು. ಅಷ್ಟು ಮಾತಾಡೋ ಹುಡುಗ ಬರೀ ಹ್ಞೂಂ ಅಂದನಾ?”

“ಕೆಲವು ದಿನ ಹಾಗೇ ಇರ್ತಿದ್ದ. ತಮಾಷೆ ಇಲ್ಲ, ಏನಿಲ್ಲ. ಹ್ಞೂಂ, ಸರಿ, ಆಯ್ತು. ಮನೇಲಿ ಏನೋ ತೊಂದರೆ ಅಂದ್ಕೋತಿದ್ದೆ. ಆದ್ರೆ ಅಂಥ ದಿನ ಕೆಲಸ ಮಾತ್ರ ಇನ್ನೂ ಚೊಕ್ಕ.”

“ಕೀಲಿ ತಿರುಗಿಸಿ ಎಲ್ಲಿಡ್ತಿದ್ದ?”

“ಪ್ಯಾನೆಲ್ ಪಕ್ಕದ ಕಂಬದ ಹಿಂದೆ ಒಂದು ಮೊಳೆ ಹೊಡೆದಿದ್ದೀನಿ ಅಂತಿದ್ದ. ಮೇಸ್ತ್ರಿಗೂ ತೋರಿಸಿಲ್ಲ, ಅವರು ಕೀಲೀನ ಪ್ಯಾನೆಲ್ಲಲ್ಲೇ ಬಿಟ್ಟು ಹೋಗ್ತಾರೆ ಅಂತ ನಗ್ತಿದ್ದ.”

ದಫೇದಾರ ಕಿಟಕಿಯ ಕಡೆಯಿಂದ ತಿರುಗಿದ.

“ಜೀಪು ತೆಗಿ,” ಎಂದರು ಇನ್‌ಸ್ಪೆಕ್ಟರ್.

*

ಕೊಟ್ಟಿಗೆಯಂಥ ಆ ದೊಡ್ಡ ಶೆಡ್ಡಿನ ಬಾಗಿಲಲ್ಲಿ ದಫೇದಾರ ನಿಂತ. ಯಾರನ್ನೂ ಒಳಗೆ ಬಿಡಲಿಲ್ಲ. ಇಂಜಿನಿಯರ್ ದವಡೆಯ ಮುಂದೆ ನಿಂತು ಕತ್ತೆತ್ತಿ ನೋಡಿದಳು.

“ನನ್ನ ಪರದೆಯಲ್ಲಿ ಇದು ಅಂಗೈ ಅಗಲ,” ಎಂದಳು.

ಇನ್‌ಸ್ಪೆಕ್ಟರ್ ಅವಳ ಜೊತೆ ಮೆಟ್ಟಿಲು ಹತ್ತಿ, ಪ್ಯಾನೆಲ್ ಪಕ್ಕದ ಕಂಬದ ಹಿಂದೆ ಕೈ ಹಾಕಿದರು. ಕಣ್ಣಿಗೆ ಕಾಣದ ಜಾಗ. ಬೆರಳು ತಡವರಿಸಿತು. ಮೊಳೆ ಸಿಕ್ಕಿತು. ಮೊಳೆಯಲ್ಲಿ ಕೀಲಿ ಸಿಕ್ಕಿತು. ಅದಕ್ಕೆ ಕಟ್ಟಿದ ಬಿಳಿ ದಾರದಲ್ಲಿ ರಕ್ತ ಒಣಗಿ ಕಂದಾಗಿತ್ತು. ಅವರು ಕರವಸ್ತ್ರದಲ್ಲಿ ಅದನ್ನು ಸುತ್ತಿದರು.

“ಸತ್ತವನು ಮೇಲೆದ್ದು ಬಂದು ಕೀಲಿ ತಿರುಗಿಸಿ ಮೊಳೆಗೆ ಹಾಕಲ್ಲ,” ಎಂದರು. “ಈ ವಿಷಯ ನಮ್ಮ ಮೂವರಲ್ಲೇ ಇರಲಿ.”

ಆಮೇಲೆ ಹಳದಿ ಡಬ್ಬಿ. ಹಸಿರು ಗುಂಡಿಯ ಮೇಲಿನ ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿ ನಿಧಾನಕ್ಕೆ ಬಿಚ್ಚಿದರು. ಹೊರಗಿನ ಸುತ್ತು ಸ್ವಚ್ಛ. ಒಳಗಿನ ಸುತ್ತು ಸ್ವಚ್ಛವಾಗಿರಲಿಲ್ಲ. ಟೇಪಿನ ಅಡಿಯಲ್ಲಿ ಡಬ್ಬಿಯ ಮೇಲೆಲ್ಲಾ ರಕ್ತದ ಸಿಡಿತ. ನಡುವೆ ಗುಂಡಿಯ ಮೇಲೆ ಮಾತ್ರ ಒಂದು ಮೊಟ್ಟೆಯಾಕಾರದ ಜಾಗ ಹಸಿರಾಗಿಯೇ ಉಳಿದಿತ್ತು. ಕೈಗವಸು ಹಾಕಿದ ಹೆಬ್ಬೆರಳಿನಷ್ಟು ಅಗಲ.

ಅವಳು ಅದನ್ನೇ ನೋಡಿದಳು. ಅವಳಿಗೆ ಅರ್ಥವಾಯಿತು. ತನ್ನ ಹೆಬ್ಬೆರಳನ್ನು ಆ ಹಸಿರು ಜಾಗದ ಮೇಲೆ, ತಾಗದಂತೆ, ಹಿಡಿದು ನೋಡಿದಳು.

“ಯಾರೋ ನಿಂತಿದ್ರು,” ಎಂದಳು. “ಅವನು ಕಿರುಚ್ತಾ ಇದ್ದ. ಇವರು ಒತ್ಕೊಂಡೇ ನಿಂತಿದ್ರು. ಒಂದು ಬೆರಳು ಎತ್ತಿದ್ರೆ ಸಾಕಿತ್ತು.”

“ಹೌದು. ಟೇಪು ಆಮೇಲಿನದು.”

*

“ಮೇಸ್ತ್ರಿನೇ ಸಾರ್,” ಎಂದ ದಫೇದಾರ. ಈಗ ಅವನಿಗೆ ಮೇಸ್ತ್ರಿಯೇ ಕೊಲೆಗಾರನೆಂದು ಪೂರ್ತಿ ನಂಬಿಕೆ ಬಂದಿತ್ತು. “ಮೈತುಂಬ ರಕ್ತ. ಹೋದ ತಿಂಗಳು ಫಿಟ್ಟರಿಗೆ ಸರಪಳಿಯಲ್ಲಿ ಹೊಡೆದಿದ್ದಾನೆ. ಕ್ರೇನಿನವನು ಕಣ್ಣಾರೆ ನೋಡಿದ್ದಾನಂತೆ.”

ಕ್ರೇನಿನವನಿಗೆ ಕಿವಿ ಮಂದ. ಎಲ್ಲ ಪ್ರಶ್ನೆಗೂ ಮೊದಲು ಆಂ ಎನ್ನುತ್ತಿದ್ದ.

“ಮೇಸ್ತ್ರಿ ಯಾಕಪ್ಪಾ ಹೊಡೆದಿದ್ದು?”

“ಆಂ? ಹೊಡೆದ್ರು. ಬೆನ್ನು ಸೀಳಿತ್ತು. ಅವನೂ ಸುಮ್ನಿರ್ಲಿಲ್ಲ, ಇವರ ಮೂಗು ಒಡೆದ. ಸಂಜೆ ಇಬ್ರೂ ಒಟ್ಟಿಗೆ ಚಹಾ ಕುಡಿದ್ರು. ಈ ಶೆಡ್ಡಲ್ಲಿ ಅದು ಮಾಮೂಲು.”

“ನಿನ್ನೆ ಚಹಾಕ್ಕೆ ಮೇಸ್ತ್ರಿ ನಿನ್ನ ಜೊತೇಲೇ ಇದ್ರಾ?”

“ಆಂ? ಇದ್ರು. ಮಧ್ಯ ಎದ್ದು ಹೋದ್ರು. ಬಂದ್ರು.”

ಮೇಸ್ತ್ರಿಯನ್ನು ಕರೆಸಿದರು. ದಫೇದಾರ ಕೇಳುವ ಮೊದಲೇ ಅವನ ಕೆನ್ನೆಗೆ ಬಾರಿಸಿದ. ಮೇಸ್ತ್ರಿ ಕೈಯೆತ್ತಿದ. ಇನ್‌ಸ್ಪೆಕ್ಟರ್ ನಡುವೆ ಬಂದರು.

“ಮಧ್ಯ ಎಲ್ಲಿಗೆ ಎದ್ದು ಹೋದೆ?”

“ಮೂತ್ರಕ್ಕೂ ನಿಮ್ಮ ಅಪ್ಪಣೆ ಬೇಕಾ ಸಾರ್?”

“ಸರಪಳಿಯಲ್ಲಿ ಯಾಕೆ ಹೊಡೆದೆ?”

“ಕೀಲಿ ವಿಷಯಕ್ಕೆ.” ಮೇಸ್ತ್ರಿ ತುಟಿಯ ರಕ್ತ ಉಗಿದ. “ನಾನು ಕೀಲೀನ ಪ್ಯಾನೆಲ್ಲಲ್ಲೇ ಬಿಡ್ತೀನಿ. ಮರೆತುಹೋಗುತ್ತೆ. ಎಲ್ಲರ ಮುಂದೆ ಉಗಿದ, ನಿನ್ನಿಂದ ಒಂದಿನ ಯಾರೋ ಸಾಯ್ತಾರೆ ಅಂತ. ಹೊಡೆದೆ. ಹೇಳಿದ್ದು ಸರಿಯಾಗೇ ಹೇಳಿದ್ದ.” ಅವನು ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡ. “ಆಮೇಲೆ ಅವನು ಅದನ್ನ ಎಲ್ಲೋ ಬಚ್ಚಿಡೋಕೆ ಶುರು ಮಾಡಿದ. ಎಲ್ಲಿ ಅಂತ ನನಗೆ ಹೇಳ್ಲೇ ಇಲ್ಲ.”

ಇನ್‌ಸ್ಪೆಕ್ಟರ್ ಅವನನ್ನು ಮನೆಗೆ ಕಳಿಸಿದರು. ದಫೇದಾರನಿಗೆ ಬೇಸರವಾಯಿತು.

*

ಫಿಟ್ಟರನ ಮನೆ ಎರಡು ಕೋಣೆಯದು. ಗೋಡೆಯ ಪಕ್ಕ ಅವನ ಸಾಮಾನಿನ ಚೀಲ. ಅದರ ಪಕ್ಕದಲ್ಲಿ ಅವನ ಅಕ್ಕ ಕುಳಿತಿದ್ದಳು. ಅವಳ ಎಡಗಣ್ಣಿನ ಮೇಲೆ ಹಳೆಯ ಪೆಟ್ಟಿನ ಗಾಯ ಕಲೆಗಟ್ಟಿತ್ತು. ಕೈಯ ಎರಡು ಬೆರಳು ಸೊಟ್ಟಗೆ ಕೂಡಿಕೊಂಡಿದ್ದವು.

“ಇಲ್ಲೇ ಇರ್ತೀಯಾ ತಾಯಿ?”

“ಮೂರು ತಿಂಗಳಾಯ್ತು. ತಮ್ಮ ಕರ್ಕೊಂಡು ಬಂದ. ಅವರ ಹತ್ರ ಹೇಳಿದ, ಭಾವ, ಇನ್ನೊಂದ್ಸಲ ಅಕ್ಕನ ಮೈ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ ಅಂತ.” ಅವಳು ಸೆರಗಿನಿಂದ ಮುಖ ಒರೆಸಿದಳು. “ಇವತ್ತು ಬೆಳಿಗ್ಗೆ ಅವರು ಬಂದಿದ್ರು. ಇನ್ನು ಯಾರಿದ್ದಾರೆ ನಿನಗೆ, ಬಟ್ಟೆ ಕಟ್ಕೋ ಅಂದ್ರು. ನಾಡಿದ್ದು ಬಂದು ಕರ್ಕೊಂಡು ಹೋಗ್ತಾರಂತೆ.”

“ಇಬ್ಬರಿಗೂ ಮಾತು ಬಿಟ್ಟುಹೋಗಿತ್ತಾ?”

“ಮನೇಲಿ ಬಿಟ್ಟಿತ್ತು. ಕೆಲಸದಲ್ಲಿ ಇತ್ತು. ನನಗೇ ಸಿಟ್ಟು ಬರೋದು. ಅಂಥವರ ಜೊತೆ ಹೇಗೋ ನಿಲ್ತೀಯ ಅಂದ್ರೆ, ಅಕ್ಕಾ, ಯಂತ್ರದ ಹತ್ರ ಭಾವನಷ್ಟು ನಿಗಾ ಇರೋ ಕೈ ಇನ್ನೊಂದಿಲ್ಲ ಅನ್ನೋನು.”

“ನಿಗಾ ಇರೋ ಮನುಷ್ಯನಾ?”

ಅವಳು ನಕ್ಕಳು. ಆ ನಗು ಚೆನ್ನಾಗಿರಲಿಲ್ಲ.

“ನಮ್ಮ ಮನೇಲಿ ಒಂದು ಚಮಚ ಆ ಕಡೆ ಈ ಕಡೆ ಆಗೋ ಹಾಗಿಲ್ಲ. ಬಾಗಿಲ ಹಿಂದೆ ಒಂದು ಮೊಳೆ ಇದೆ. ಬೆಲ್ಟು ಅಲ್ಲಿಂದ ತೆಗೀತಾರೆ. ಹೊಡೆದು ಮುಗಿದ್ಮೇಲೆ ಅಲ್ಲಿಗೇ ಹಾಕ್ತಾರೆ. ನಾನು ನೆಲದ ಮೇಲೆ ಬಿದ್ದಿರ್ತೀನಿ, ರಕ್ತ ಇರುತ್ತೆ. ನನ್ನನ್ನ ದಾಟಿಕೊಂಡು ಹೋಗಿ ಹಾಕ್ತಾರೆ. ಎಸೆದಿದ್ದು ಒಂದ್ಸಲನೂ ನೋಡಿಲ್ಲ ಸಾರ್.”

ಇನ್‌ಸ್ಪೆಕ್ಟರ್ ಎದ್ದರು. ಮೊಣಕಾಲು ಲಟಕ್ಕೆಂದಿತು. ಅವರು ಅದನ್ನು ಗಮನಿಸಲಿಲ್ಲ.

“ತಾಯಿ, ನಾಳೆ ಮಧ್ಯಾಹ್ನ ಕಾರ್ಖಾನೆ ಗೇಟಿನ ಹತ್ರ ಬಂದು ನಿಂತ್ಕೋತೀಯಾ? ಒಳಗೆ ಬರಬೇಡ. ನಿಂತಿದ್ರೆ ಸಾಕು.”

*

ಮರುದಿನ ಮಧ್ಯಾಹ್ನ ದವಡೆಯನ್ನು ತೊಳೆದು ಒರೆಸಿದ್ದರು. ಪ್ಯಾನೆಲ್ಲಿಗೆ ಮಾಲೀಕರ ಕಪಾಟಿನಲ್ಲಿದ್ದ ಇನ್ನೊಂದು ಕೀಲಿ, ಕೇಬಲ್ಲಿಗೆ ಹೊಸ ಹಳದಿ ಡಬ್ಬಿ. ಇಂಜಿನಿಯರ್ ಠಾಣೆಯಲ್ಲಿ ತನ್ನ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಅವಳ ಧ್ವನಿ ಶೆಡ್ಡಿನಲ್ಲಿ ಒಂದು ಸ್ಪೀಕರಿನಿಂದ ಬರುತ್ತಿತ್ತು.

“ಏನಿಲ್ಲ,” ಎಂದರು ಇನ್‌ಸ್ಪೆಕ್ಟರ್. “ಆ ಹೆಂಗಸಿನ ತಪ್ಪು ಎಷ್ಟು ಅಂತ ಬರೀಬೇಕು. ಒಬ್ಬೊಬ್ಬರೇ ಗುಂಡಿ ಒತ್ತಿ ತೋರಿಸಿ. ಖಾಲಿ ಯಂತ್ರ. ಹೆದರಬೇಡಿ.”

ಮೊದಲು ಮೇಸ್ತ್ರಿ. ಕೀಲಿ ತಿರುಗಿಸಿದ, ಗುಂಡಿ ಒತ್ತಿದ. ದವಡೆ ಗುರುಗುಟ್ಟುತ್ತ ನಿಧಾನಕ್ಕೆ ತಿರುಗಿತು. ಆಯ್ತು, ಮುಗೀತು ಎಂದಿತು ಸ್ಪೀಕರು. ಮೇಸ್ತ್ರಿ ಡಬ್ಬಿ ಬಿಟ್ಟು, ಕೈ ಒರೆಸಿಕೊಂಡು ಹೋದ. ಕೀಲಿ ಪ್ಯಾನೆಲ್ಲಿನಲ್ಲೇ ಉಳಿಯಿತು.

ಕ್ರೇನಿನವನು ಎರಡು ಸಲ ಆಂ ಎಂದು ಕೇಳಿ ಒತ್ತಿದ. ಮುಗಿದ ಮೇಲೆ ಕೀಲಿ ಕಿತ್ತು ಅಂಗೈಯಲ್ಲಿ ಹಿಡಿದುಕೊಂಡು ನಿಂತ. “ಇದನ್ನೇನು ಮಾಡ್ಲಿ ಸಾರ್? ನೀವೇ ಇಟ್ಕೊಳ್ಳಿ.”

ಎಲೆಕ್ಟ್ರಿಷಿಯನ್ ಮುಂದೆ ಬಂದ. “ನನಗೆ ಗೊತ್ತಿಲ್ಲ ಸಾರ್. ಹೇಳಿಕೊಡಬೇಕು.”

ಮೇಸ್ತ್ರಿ ಹೇಳಿಕೊಟ್ಟ. ಅವನು ವಿಧೇಯನಾಗಿ ಕೇಳಿದ. ಕೀಲಿ ತಿರುಗಿಸಿದ. ಡಬ್ಬಿಯನ್ನು ಎಡಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತಿದ. ಉರುಳೆಗಳು ತಿರುಗಿದವು. ಇನ್‌ಸ್ಪೆಕ್ಟರ್ ಅವನ ಕಿವಿಯ ಹತ್ತಿರ ಬಂದರು.

“ಅಂದಹಾಗೆ, ನಿನ್ನ ಹೆಂಡತಿ ಗೇಟಿನ ಹತ್ರ ಬಂದು ನಿಂತಿದ್ದಾಳೆ. ಇವತ್ತೇ ಮನೆಗೆ ಹೊರಡ್ತೀನಿ ಅಂತಿದ್ದಾಳೆ. ಏನು ಹೇಳ್ಲಿ?”

ಅವನ ಮುಖ ಗೇಟಿನ ಕಡೆ ತಿರುಗಿತು. ದೂರದಲ್ಲಿ ಸೀರೆಯುಟ್ಟ ಒಂದು ಆಕೃತಿ.

“ಬಟ್ಟೆ ತಂದಿದ್ದಾಳಾ?” ಎಂದ.

“ಆಯ್ತು, ಮುಗೀತು,” ಎಂದಿತು ಸ್ಪೀಕರು.

“ತಂದಿರಬೇಕು. ನೀನೇ ಕೇಳು.”

“ಬರ್ತಾಳೆ ಅಂತ ಗೊತ್ತಿತ್ತು ನನಗೆ,” ಎಂದ. ಅವನ ಕಣ್ಣು ಗೇಟಿನ ಮೇಲೇ ಇತ್ತು. ಬಲಗೈ ಕೀಲಿ ತಿರುಗಿಸಿತು, ಕಿತ್ತಿತು, ಕಂಬದ ಹಿಂದೆ ಹೋಯಿತು. ತಡವರಿಸಲಿಲ್ಲ. ಲೋಹಕ್ಕೆ ಲೋಹ ತಾಗಿದ ಸ್ವರ ಎಲ್ಲರಿಗೂ ಕೇಳಿಸಿತು. ಕ್ರೇನಿನವನಿಗೂ ಕೇಳಿಸಿತೋ ಏನೋ.

“ಕೀಲಿ ಎಲ್ಲಪ್ಪಾ?” ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು.

ಅವನು ಪ್ಯಾನೆಲ್ ನೋಡಿದ. ತನ್ನ ಖಾಲಿ ಅಂಗೈ ನೋಡಿದ. ಮೇಸ್ತ್ರಿ ಕಂಬದ ಹಿಂದೆ ಇಣುಕಿ ನೋಡಿ ಬಾಯಿ ತೆರೆದ. “ಇಲ್ಲೇನಾ ಇಡ್ತಿದ್ದಿದ್ದು ಅವನು?”

ತಂತಿ ಎಳೆಯುವ ಕಬ್ಬಿಣದ ಕೊಕ್ಕೆ ಕಂಬಿಗೆ ಒರಗಿತ್ತು. ಅದು ಯಾವಾಗ ಎಲೆಕ್ಟ್ರಿಷಿಯನ್ನನ ಕೈಗೆ ಬಂತೋ ಯಾರೂ ಕಾಣಲಿಲ್ಲ. ಮೊದಲ ಏಟು ದಫೇದಾರನ ಬಾಯಿಗೆ ಬಿತ್ತು. ಅವನು ಹಲ್ಲು, ರಕ್ತ ಎರಡನ್ನೂ ಉಗುಳುತ್ತ ಮೆಟ್ಟಿಲ ಮೇಲೆ ಉರುಳಿದ. ಎರಡನೆಯ ಏಟು ಇನ್‌ಸ್ಪೆಕ್ಟರ ಭುಜಕ್ಕೆ. ಮೂಳೆ ಮುರಿದ ಸದ್ದು ಅವರಿಗೇ ಕೇಳಿಸಿತು. ಎಲೆಕ್ಟ್ರಿಷಿಯನ್ ಅವರ ಕತ್ತು ಹಿಡಿದು ದವಡೆಯ ಬಾಯಿಗೆ ಬಗ್ಗಿಸಿದ. ಒಣಕಲು ಮೈಯಲ್ಲಿ ಎಂಥ ಬಲ. ಒಂದು ಕೊಕ್ಕೆ ಹಲ್ಲು ಕೆನ್ನೆಯೊಳಗೆ ಇಳಿಯಿತು. ರಬ್ಬರಿನ ವಾಸನೆ, ಅದರಡಿಯಲ್ಲಿ ಇನ್ನೊಂದು ವಾಸನೆ. ಅವನ ಎಡಗೈ ಹಳದಿ ಡಬ್ಬಿಯನ್ನು ಹುಡುಕಿ ಹಿಡಿಯಿತು. ಹೆಬ್ಬೆರಳು ಹಸಿರು ಗುಂಡಿಯನ್ನು ಒತ್ತಿತು.

ಏನೂ ಆಗಲಿಲ್ಲ.

ಅವನು ಮತ್ತೆ ಒತ್ತಿದ. ಮತ್ತೆ ಮತ್ತೆ ಒತ್ತಿದ.

ಕೀಲಿ ಮೊಳೆಯಲ್ಲಿತ್ತು. ಹಾಕಿದ್ದು ಅವನೇ.

ಮೇಸ್ತ್ರಿಯ ಸರಪಳಿ ಅವನ ಮೊಣಕೈಗೆ ಬಿತ್ತು. ಆಮೇಲೆ ಬೆನ್ನಿಗೆ. ಆಮೇಲೆ ಎಲ್ಲಿಗೆಂದು ನೋಡದೆ ಬೀಳುತ್ತಲೇ ಇತ್ತು. ಇನ್‌ಸ್ಪೆಕ್ಟರ್ ಕೆನ್ನೆಯ ರಕ್ತ ಒತ್ತಿ ಹಿಡಿದು, “ಸಾಕು, ಬಿಡು, ಜೀವಂತ ಬೇಕು ನನಗೆ,” ಎನ್ನುವವರೆಗೂ.

*

ಆಸ್ಪತ್ರೆಯ ಮಂಚದ ಮೇಲೆ ಇನ್‌ಸ್ಪೆಕ್ಟರ್ ಒರಗಿ ಕುಳಿತಿದ್ದರು. ಭುಜಕ್ಕೆ ಪಟ್ಟಿ, ಕೆನ್ನೆಗೆ ಹೊಲಿಗೆ. ಇಂಜಿನಿಯರ್ ಸ್ಟೂಲಿನ ಮೇಲೆ ಕುಳಿತಿದ್ದಳು. ಬಾಗಿಲ ಬಳಿ ದಫೇದಾರ ತುಟಿಗೆ ಹತ್ತಿ ಒತ್ತಿಕೊಂಡಿದ್ದ.

“ಮೊದಲು ಹೆಡ್‌ಸೆಟ್,” ಎಂದರು ಅವರು, ಅರ್ಧ ಬಾಯಿಯಲ್ಲಿ. “ಸಾಯೋನು ಮಾತು ಮುಚ್ಚೋ ಗುಂಡಿ ಒತ್ತಲ್ಲ. ಆಮೇಲೆ ಟೇಪು. ರಕ್ತ ಅದರ ಅಡಿಗಿತ್ತು. ಅಂದ್ರೆ ಕೊಲೆ. ಯಾರದು? ಕೀಲಿ ತಿರುಗಿಸಿ ಮೊಳೆಗೆ ಹಾಕಿದವನದು. ಮೇಸ್ತ್ರಿ ಕೈಗೆ ಆ ಅಭ್ಯಾಸವೇ ಇಲ್ಲ, ಮೊಳೆಯೂ ಗೊತ್ತಿಲ್ಲ. ಉಳಿದವರಿಗೆ ಪರವಾನಗಿ ಇಲ್ಲ. ಆದ್ರೆ ನೀನು ಹೇಳಿದೆ, ಫಿಟ್ಟರಿಗೆ ಎರಡು ಮುಖ ಅಂತ. ಒಂದಿನ ಮಾತುಗಾರ, ಇನ್ನೊಂದಿನ ಬರೀ ಹ್ಞೂಂ.”

“ಇಬ್ಬರಿದ್ರು,” ಎಂದಳು ಅವಳು.

“ಇಬ್ಬರಿದ್ರು. ಅಕ್ಕನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋ ದಿನ ಅವನು ಭಾವನ್ನ ತನ್ನ ಜಾಗದಲ್ಲಿ ನಿಲ್ಲಿಸ್ತಿದ್ದ. ಗುಟ್ಟಾಗಿ. ಹಳೇ ಏಟಿಗೆ ಔಷಧಿ ಕೊಡಿಸೋಕೆ ಹೋಗ್ತಿದ್ದ, ಏಟು ಕೊಟ್ಟವನಿಗೆ ಕೆಲಸ ಒಪ್ಪಿಸಿ. ಎಲ್ಲಾ ಕಲಿಸಿದ್ದ. ಕೆಲಸ ಮುಗಿದ್ರೆ ಕೀಲಿ ಮೊಳೆಗೆ ಅನ್ನೋದನ್ನೂ. ಇವನಿಗೆ ಅದು ಹೇಳಿಕೊಡಬೇಕಾಗಿಯೇ ಇರ್ಲಿಲ್ಲ, ಹುಟ್ಟುಗುಣ. ಹೆಂಡತಿಗೆ ಹೊಡೆದ ಬೆಲ್ಟನ್ನ ಮೊಳೆಗೆ ಹಾಕಿದ ಕೈ, ಇವನನ್ನ ಕೊಂದ ಕೀಲೀನೂ ಮೊಳೆಗೆ ಹಾಕ್ತು. ತಲೆ ಲೆಕ್ಕಾಚಾರ ಹಾಕಿ ಟೇಪು ಸುತ್ತಿತು. ಕೈ ತನ್ನ ಪಾಡಿಗೆ ತಾನು ಒಪ್ಪ ಮಾಡ್ತು.”

“ಬಾಯ್ಲರ್ ಬೂದೀಲಿ ಅವನ ಸಮವಸ್ತ್ರದ ಹಿತ್ತಾಳೆ ಗುಂಡಿ ಸಿಕ್ವು,” ಎಂದ ದಫೇದಾರ. ಇಲ್ಲದ ಹಲ್ಲುಗಳ ನಡುವೆ ಗಾಳಿ ಸೋರಿತು. “ಕೈಗವಸು ಸುಡೋವಾಗ ಅದನ್ನೂ ಒಲೆಗೆ ಹಾಕಿದ್ದ. ಒಪ್ಕೊಂಡ.”

“ಫಿಟ್ಟರ್ ಒಳಗೆ ಇಳಿಯೋವಾಗ ಕೀಲಿ ಎಲ್ಲಿತ್ತು?” ಎಂದಳು ಇಂಜಿನಿಯರ್.

“ಜೇಬಿಗೆ ಹಾಕ್ಕೊಂಡಿದ್ದ. ಆಗ ಇವನು ಬಂದ. ಭಾವ, ತಂತಿ ಜಾಸ್ತಿ ಇದೆ, ಬಗ್ಗಿದ್ರೆ ಜೇಬಿಂದ ಬೀಳುತ್ತೆ, ನೀನು ಹಿಡ್ಕೋ ಅಂತ ಕೊಟ್ಟನಂತೆ.” ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿದರು. “ತಮ್ಮ ಇರೋವರೆಗೂ ಹೆಂಡತಿ ವಾಪಸ್ ಬರಲ್ಲ. ಅಷ್ಟೇ ಕಾರಣ. ಬೇರೆ ಏನೂ ಇಲ್ಲ.”

ಅವಳು ತನ್ನ ಬಲಗೈಯನ್ನು ನೋಡಿಕೊಂಡಳು.

“ಓಡಿಸಿದ್ದು ನಾನೇ ಸಾರ್.”

“ಕಾನೂನು ನಿನ್ನನ್ನ ಬಿಟ್ಟಿದೆ.”

“ಕಾನೂನು ಬಿಟ್ಟಿದೆ,” ಎಂದಳು.

ಇನ್‌ಸ್ಪೆಕ್ಟರ್ ಅವಳ ಕಡೆ ಹೊರಳಿದರು. “ಅವನ ಅಕ್ಕ ಇವತ್ತು ಗಂಡನ ಮನೆಯಿಂದ ಬಟ್ಟೆಬರೆ ತರೋಕೆ ಹೋಗ್ತಾಳೆ. ದಫೇದಾರ ಹೋಗ್ತಾನೆ, ಬೆಲ್ಟು ಬೇಕು ನಮಗೆ. ಒಬ್ಬ ಹೆಂಗಸು ಜೊತೆಗಿದ್ರೆ ಒಳ್ಳೇದು.”

*

ಮನೆ ತುಂಬ ಚೊಕ್ಕಟವಾಗಿತ್ತು. ಲೋಟಗಳು ಸಾಲಾಗಿ, ಚಪ್ಪಲಿಗಳು ಜೋಡಿಯಾಗಿ. ಅಕ್ಕ ಒಂದು ಚೀಲಕ್ಕೆ ನಾಲ್ಕು ಸೀರೆ ತುರುಕಿದಳು. ಮಡಿಸಲಿಲ್ಲ. ಬಾಗಿಲ ಹಿಂದೆ ಮೊಳೆಯಲ್ಲಿ ಬೆಲ್ಟು ನೇತಾಡುತ್ತಿತ್ತು. ದಫೇದಾರ ಅದನ್ನು ತೆಗೆದು ಚೀಲಕ್ಕೆ ಹಾಕಿ ಹೊರಗೆ ಹೋದ.

ಇಂಜಿನಿಯರ್ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಂದಿರಲಿಲ್ಲ.

“ನೀವೇನಾ ಡಾಕ್ಟ್ರಮ್ಮ?” ಎಂದಳು ಅಕ್ಕ.

ಅವಳು ತಲೆಯಾಡಿಸಿದಳು. ಹೇಳಬೇಕೆಂದು ಬಸ್ಸಿನಿಂದಲೇ ಕಟ್ಟಿಕೊಂಡು ಬಂದಿದ್ದ ಮಾತನ್ನು ಶುರು ಮಾಡಿದಳು. “ಅಕ್ಕಾ, ಅವತ್ತು ಓಡಿಸಿದ್ದು…”

“ಗೊತ್ತು.” ಅಕ್ಕ ತಮ್ಮನ ಸಾಮಾನಿನ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದಳು. ಅದರಿಂದ ಇಕ್ಕಳ ತೆಗೆದಳು. “ತಮ್ಮ ಕೀಲಿ ಕೊಟ್ಟಿದ್ದು ಅವನ ಕೈಗೆ. ನಿಮ್ಮ ಕೈಗಲ್ಲ.”

ಇಷ್ಟು ವರ್ಷ ಗಂಡನನ್ನು ‘ಅವರು’ ಎಂದ ಬಾಯಲ್ಲಿ ‘ಅವನು’ ಬಂದಿತ್ತು. ಅವಳು ಅದನ್ನು ಗಮನಿಸಿದಂತೆ ಕಾಣಲಿಲ್ಲ. ಸೊಟ್ಟ ಬೆರಳುಗಳಲ್ಲಿ ಇಕ್ಕಳ ಹಿಡಿದು ಮೊಳೆಗೆ ಕಚ್ಚಿಸಿ ಎಳೆದಳು. ಬರಲಿಲ್ಲ. ಬೆರಳುಗಳಿಗೆ ಅಷ್ಟು ಬಲವಿರಲಿಲ್ಲ.

“ಸ್ವಲ್ಪ ಕೈ ಕೊಡಿ,” ಎಂದಳು.

ಇಂಜಿನಿಯರ್ ಒಳಗೆ ಬಂದು, ಆ ಕೈಗಳ ಮೇಲೆ ತನ್ನ ಕೈ ಇಟ್ಟು ಹಿಡಿದಳು. ಇಬ್ಬರೂ ಎಳೆದರು. ಮೊಳೆ ಅಲುಗಿತು, ಗಾರೆ ಉದುರಿತು, ಕಿತ್ತು ಬಂತು.